ಶ್ರೀಮಂಗಲದ ಏಣಿ ಅಣ್ಣಾಚಿ

ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಮೊದಲ ಬಸ್ಸು ಹತ್ತಿ ನಾನು ಮಡಿಕೇರಿಯಿಂದ ಶ್ರೀಮಂಗಲಕ್ಕೆ ಹೋಗುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ತೋಟದಲ್ಲಿ ಮರದಿಂದಲೋ ಏಣಿಯಿಂದಲೋ ಬಿದ್ದು ಸೊಂಟ, ಕಾಲು ಮುರಿದುಕೊಂಡವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಇದಕ್ಕೆಂದೇ ಅಲ್ಲಿ ಒಂದು ಕಟ್ಟಡ ಕಟ್ಟಿಸಿ, ಬಂದವರಿಂದ ಒಂದು ಬಾಳೆಗೊನೆಯನ್ನೂ ತೆಗೆದುಕೊಳ್ಳಕೂಡದು ಎಂದು ನನಗೆ ಕಟ್ಟಪ್ಪಣೆ ಮಾಡಿದವರು ಚೆಲ್ಲಮುತ್ತು. ಏಣಿ ಕಾರ್ಖಾನೆ ಆರಂಭಿಸಿದವರು. ಹುಟ್ಟಿದ್ದು ತಮಿಳುನಾಡಿನಲ್ಲಿ, ಬದುಕಿದ್ದೆಲ್ಲ ಇಲ್ಲಿ. ಊರವರಿಗೆ ಅವರು ಏಣಿ ಅಣ್ಣಾಚಿ.

ಕಳೆದ ವರ್ಷ ಅವರ ಬಲ ಭುಜ ಹಿಡಿದುಕೊಂಡಿತು. ನಲವತ್ತು ವರ್ಷ ವೆಲ್ಡಿಂಗ್ ಮಾಡಿದ ಭುಜ, ಕೈ ತಲೆಯ ಮೇಲಕ್ಕೆ ಏಳುತ್ತಿರಲಿಲ್ಲ. ಎರಡು ತಿಂಗಳು ನನ್ನ ಬಳಿ ಬಂದರು. ಭುಜ ತಿರುಗಿಸುವಾಗ ನೋವಿಗೆ ಕೆಲವರು ದೇವರನ್ನು ಕರೆಯುತ್ತಾರೆ, ಕೆಲವರು ನನ್ನನ್ನು ಬೈಯುತ್ತಾರೆ. ಇವರು ತಮ್ಮ ಕಥೆ ಹೇಳಿದರು. ಅವರು ಹೇಳದೆ ಬಿಟ್ಟದ್ದನ್ನು ಆಮೇಲೆ ಬೇರೆಯವರಿಂದ ಕೇಳಿ ತಿಳಿದುಕೊಂಡೆ.

ಚೆಲ್ಲಮುತ್ತು ಅವರ ಹಳ್ಳಿ ಧಾರಾಪುರದ ಹತ್ತಿರ. ತಂದೆ ಎಣ್ಣೆ ಗಾಣದಲ್ಲಿ ಆಳು. ಮಗ ಹದಿನಾಲ್ಕನೆಯ ವಯಸ್ಸಿಗೆ ಕೊಯಮತ್ತೂರಿನ ಒಂದು ಪಂಪ್‌ಸೆಟ್ ಕಾರ್ಖಾನೆ ಸೇರಿ ಲೇತು, ವೆಲ್ಡಿಂಗ್ ಎರಡನ್ನೂ ಕಲಿತ. ೧೯೮೫ರಲ್ಲಿ, ಇಪ್ಪತ್ತೊಂದು ತುಂಬಿದಾಗ, ಒಬ್ಬ ಕಂಟ್ರಾಕ್ಟರನ ಜೊತೆ ಲಾರಿಯಲ್ಲಿ ಕೂತು ಕೊಡಗಿಗೆ ಬಂದ. ಶ್ರೀಮಂಗಲದ ಬೆಳ್ಯಪ್ಪ ಎಂಬ ಪ್ಲಾಂಟರ ಕಾಫಿ ಗೋದಾಮಿಗೆ ಶೀಟು ಹೊದಿಸುವ ಕೆಲಸ. ಹದಿನೈದು ದಿನಕ್ಕೆ ಮುಗಿಯಬೇಕಿತ್ತು. ಹನ್ನೆರಡನೆಯ ದಿನ ಬೆಳ್ಯಪ್ಪನವರ ಪಲ್ಪರ್, ಅಂದರೆ ಹಣ್ಣು ಕಾಫಿಯ ಸಿಪ್ಪೆ ಬಿಡಿಸುವ ಯಂತ್ರ, ಶಾಫ್ಟು ತುಂಡಾಗಿ ನಿಂತುಹೋಯಿತು.

ಅದು ಡಿಸೆಂಬರ್, ಅರೇಬಿಕ ಕಾಫಿಯ ಪಿಕಿಂಗ್ ಭರದಲ್ಲಿತ್ತು. ಕೊಯ್ದ ಹಣ್ಣು ಅದೇ ದಿನ ಯಂತ್ರಕ್ಕೆ ಹೋಗದಿದ್ದರೆ ಹುಳಿ ಹಿಡಿದು ಹಾಳು. ಗೋಣಿಕೊಪ್ಪದ ಮೆಕ್ಯಾನಿಕ್ ಯಾವುದೋ ಮದುವೆಗೆ ಹೋಗಿದ್ದ. ಬೆಳ್ಯಪ್ಪ ಕಣದಲ್ಲಿ ಅತ್ತಿಂದಿತ್ತ ನಡೆಯುತ್ತ ಕಂಡವರಿಗೆಲ್ಲ ಬೈಯುತ್ತಿದ್ದರು. ಗೋದಾಮಿನ ಮಾಡಿನ ಮೇಲಿಂದ ಇದನ್ನು ನೋಡುತ್ತಿದ್ದ ಚೆಲ್ಲಮುತ್ತು ಇಳಿದು ಬಂದು ಯಂತ್ರದ ಮುಂದೆ ಕೂತ.

“ನಿಂಗೆ ಇದು ಗೊತ್ತುಂಟಾ?” ಎಂದು ಬೆಳ್ಯಪ್ಪ ಕೇಳಿದರು.

“ಪಲ್ಪರ್ ತೆರಿಯಾದು ಸಾಮಿ. ಇರುಂಬು ತೆರಿಯುಂ” ಎಂದ ಚೆಲ್ಲಮುತ್ತು. ಪಲ್ಪರ್ ಗೊತ್ತಿಲ್ಲ, ಕಬ್ಬಿಣ ಗೊತ್ತು.

ಆ ಉತ್ತರ ಬೆಳ್ಯಪ್ಪನವರಿಗೆ ಇಷ್ಟವಾಯಿತು. ತಮ್ಮ ಹಳೆಯ ಜೀಪಿನ ಒಂದು ಆಕ್ಸಲ್ ತಂದುಕೊಟ್ಟರು. ಚೆಲ್ಲಮುತ್ತು ಅದನ್ನು ಕತ್ತರಿಸಿ, ಉಜ್ಜಿ, ಅಳತೆಗೆ ತಂದು ಕೂರಿಸಿದ. ಸಂಜೆ ಐದಕ್ಕೆ ಪಲ್ಪರ್ ತಿರುಗಿತು. ಅವತ್ತಿನ ಹಣ್ಣು ಅವತ್ತೇ ಮುಗಿಯಿತು.

“ನೀನು ಇಲ್ಲೇ ಇದ್ದುಬಿಡು ಮಾರಾಯ” ಎಂದರು ಬೆಳ್ಯಪ್ಪ. “ರೋಡ್ ಪಕ್ಕ ನಮ್ಮ ಗಾಡಿ ಶೆಡ್ ಖಾಲಿ ಬಿದ್ದುಂಟು. ಅದ್ರಲ್ಲಿ ಏನಾದ್ರು ಮಾಡು.”

ಕಂಟ್ರಾಕ್ಟರನ ಲಾರಿ ಮೂರು ದಿನ ಬಿಟ್ಟು ಹೊರಟಾಗ ಚೆಲ್ಲಮುತ್ತು ಅದರಲ್ಲಿ ಇರಲಿಲ್ಲ.

ಆ ಗಾಡಿ ಶೆಡ್ಡಿನಲ್ಲಿ ಮೊದಲು ಪಲ್ಪರ್ ರಿಪೇರಿ ನಡೆಯಿತು. ನಾಲ್ಕೈದು ವರ್ಷದಲ್ಲಿ ಸ್ವಂತ ಪಲ್ಪರ್ ತಯಾರಾಯಿತು. ದೊಡ್ಡ ಎಸ್ಟೇಟಿನವರಿಗಲ್ಲ, ಎರಡು ಮೂರು ಎಕರೆ ಇದ್ದವರಿಗೆ, ಕೈಯಲ್ಲಿ ತಿರುಗಿಸುವಂಥದ್ದು. ಊರಿಗೆ ಹೋಗಿ ಪಾವಾಯಿಯನ್ನು ಮದುವೆಯಾಗಿ ಕರೆದುಕೊಂಡು ಬಂದರು. ಆಕೆ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತು ಗಂಡನಿಗಿಂತ ನೇರವಾಗಿ ತೂತು ಕೊರೆದರು, ಗಂಡನಿಗಿಂತ ಮೊದಲು ಕನ್ನಡ ಕಲಿತರು, ಕೊಡವ ಭಾಷೆಯಲ್ಲಿ ಚೌಕಾಸಿ ಮಾಡುವುದನ್ನೂ ಕಲಿತರು. ತೊಂಬತ್ತಾರರಲ್ಲಿ ಭಾಗಮಂಡಲದ ಕಡೆಯ ಧರ್ಮಪಾಲ ಕೆಲಸಕ್ಕೆ ಸೇರಿದರು. ಅರೆಭಾಷೆಯ ಗೌಡರ ಮನೆಯ ಹುಡುಗ, ಬಿ.ಕಾಂ. ಓದಿದವರು. ಲೈಸೆನ್ಸು, ಕಾಗದಪತ್ರ, ಬ್ಯಾಂಕು ಎಲ್ಲವನ್ನೂ ಅವರೇ ನೋಡಿಕೊಂಡರು. ಈಗಲೂ ಮ್ಯಾನೇಜರ್ ಅವರೇ.

ಚೆಲ್ಲಮುತ್ತು ದೊಡ್ಡವರಾದದ್ದು ಮಾತ್ರ ಏಣಿಯಿಂದ. ಕೊಡಗಿನಲ್ಲಿ ಕರಿಮೆಣಸಿನ ಬಳ್ಳಿ ಸಿಲ್ವರ್ ಮರಕ್ಕೆ ಹಬ್ಬಿ ಮೂವತ್ತು ಅಡಿ ಏರುತ್ತದೆ. ಕೊಯ್ಯುವವರು ಹಿಂದಿನಿಂದಲೂ ಬಿದಿರಿನ ಏಣಿಯಲ್ಲೇ ಹತ್ತುತ್ತಿದ್ದವರು. ಒಂದು ಕಾಲದಲ್ಲಿ ಸುತ್ತಲಿನ ಬಿದಿರೆಲ್ಲ ಒಟ್ಟಿಗೆ ಹೂ ಬಿಟ್ಟು ಒಣಗಿಹೋಯಿತು. ಅದೇ ಹೊತ್ತಿಗೆ ಮೆಣಸಿನ ಬೆಲೆ ಏರತೊಡಗಿತ್ತು. ಮೆಣಸು ಮರದ ಮೇಲೆ, ಹತ್ತಲು ಏಣಿಯಿಲ್ಲ. ಚೆಲ್ಲಮುತ್ತು ಅಲ್ಯೂಮಿನಿಯಂ ಏಣಿ ಮಾಡಿದರು. ಎಷ್ಟು ಹಗುರವೆಂದರೆ ಇಪ್ಪತ್ತನಾಲ್ಕು ಅಡಿಯ ಏಣಿಯನ್ನು ಒಬ್ಬನೇ ಎತ್ತಿ, ನೆಟ್ಟಗೆ ಹಿಡಿದುಕೊಂಡೇ ಒಂದು ಮರದಿಂದ ಇನ್ನೊಂದಕ್ಕೆ ನಡೆಯಬಹುದು. ಪ್ಲಾಂಟರುಗಳು ಮುಗಿಬಿದ್ದರು. ಗಾಡಿ ಶೆಡ್ಡು ಸಾಲದೆ ಮೂರು ದೊಡ್ಡ ಶೆಡ್ಡುಗಳಾದವು, ಅರವತ್ತು ಜನ ಕೆಲಸಕ್ಕಿದ್ದರು. ನೀಲಿ ಪಟ್ಟಿ ಬಳಿದ ಏಣಿಗಳು ಸಕಲೇಶಪುರಕ್ಕೆ, ಚಿಕ್ಕಮಗಳೂರಿಗೆ, ವಯನಾಡಿಗೆ ಲಾರಿಗಟ್ಟಲೆ ಹೋದವು. ಶಾಲೆಗಳು ವಾರ್ಷಿಕೋತ್ಸವಕ್ಕೆ ಅತಿಥಿಯಾಗಿ ಕರೆದವು. ಧಾರಾಪುರದ ಹಳ್ಳಿಯಲ್ಲಿ ಎರಡಂತಸ್ತಿನ ಮನೆಗೆ ಪಾಯ ಹಾಕಿದರು.

೨೦೧೭ರ ಫೆಬ್ರವರಿಯ ಒಂದು ಬೆಳಗ್ಗೆ ಧರ್ಮಪಾಲರ ಫೋನಿಗೆ ಕರೆ ಬಂತು. ಕುಟ್ಟದ ದಾರಿಯ ಒಂದು ತೋಟದಲ್ಲಿ ಮೆಣಸು ಕೊಯ್ಯುವವನ ಏಣಿ ಕರೆಂಟ್ ತಂತಿಗೆ ತಾಗಿದೆ, ಆಳು ಉಳಿದಿಲ್ಲ. ಸತ್ತವನ ಹೆಸರು ಪುಟ್ಟರಾಜು. ಹುಣಸೂರು ಕಡೆಯಿಂದ ಹೆಂಡತಿ ಮಗಳ ಜೊತೆ ಬಂದು, ತೋಟದವರು ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಇದ್ದವನು. ಒಂದು ಮರ ಮುಗಿಸಿ ಇನ್ನೊಂದಕ್ಕೆ ಏಣಿಯನ್ನು ನಿಲ್ಲಿಸಿದ ಹಾಗೇ ಹೊತ್ತು ನಡೆದಿದ್ದ.

ಚೆಲ್ಲಮುತ್ತು ಹೋಗಲೇಬೇಕಾದ ಕಟ್ಟುಪಾಡೇನೂ ಇರಲಿಲ್ಲ. ಆದರೆ ಹೋದರು. ಸೊಪ್ಪಿನ ಮೇಲೆ ಬಿದ್ದಿದ್ದ ಏಣಿಗೆ ನೀಲಿ ಪಟ್ಟಿ ಇತ್ತು. ಪೊಲೀಸರು ಮಹಜರು ಬರೆದುಕೊಂಡರು. ಏಣಿಗೆ ಎಚ್ಚರಿಕೆಯ ಚೀಟಿ ಅಂಟಿಸಿದೆ, ಮಾಡಿದವರದು ಏನೂ ತಪ್ಪಿಲ್ಲ ಎಂದರು. ನಿಜವೇ. ಅಲ್ಯೂಮಿನಿಯಂ ಪೈಪು ಕಳಿಸುವ ಕಂಪನಿ ಕೊಟ್ಟಿದ್ದ ಚೀಟಿ ಅದು, ಇಂಗ್ಲಿಷಿನಲ್ಲಿತ್ತು.

ಐದನೆಯ ದಿನ ಅವರು ಲೈನ್ ಮನೆಗೆ ಹೋದರು. ಪುಟ್ಟರಾಜುವಿನ ಹೆಂಡತಿ ಹೊನ್ನಮ್ಮ ಬಾಗಿಲಲ್ಲಿ ಕೂತಿದ್ದಳು. ಇವರು ಯಾರೆಂದು ಯಾರೋ ಹೇಳಿದರು. ಅವಳು ಅಳಲಿಲ್ಲ, ಬೈಯಲಿಲ್ಲ. ಒಂದು ಮಾತು ಕೇಳಿದಳು.

“ಅಣ್ಣ, ಏಣಿ ಮ್ಯಾಲೆ ಏನೋ ಚೀಟಿ ಅಂಟಿಸಿತ್ತಲ್ಲ, ಅದ್ರಲ್ಲಿ ಏನು ಬರ್ದವ್ರೆ?”

“ಕರೆಂಟ್ ತಂತಿ ಹತ್ರ ತಗೊಂಡು ಹೋಗ್ಬೇಡಿ ಅಂತ ಬರೆದಿದೆ ಅಮ್ಮ.”

“ಅವ್ರಿಗೆ ಓದಕ್ಕೆ ಬರ್ತಿರ್ಲಿಲ್ಲ. ನಂಗೂ ಬರಕ್ಕಿಲ್ಲ. ಬಾಯಲ್ಲಿ ಹೇಳಿದ್ರೆ ಸಾಕಾಯ್ತಿತ್ತಲ್ಲಣ್ಣ.”

“ನಾನೇನು ಮಾಡಲಿ ಹೇಳಮ್ಮ” ಎಂದರಂತೆ ಇವರು.

“ಕೆಲ್ಸ ಕೊಡಿ. ಸುಮ್ಕೆ ಏನೂ ಕೊಡ್ಬ್ಯಾಡಿ.”

ಇದನ್ನು ನನಗೆ ಹೇಳುವಾಗ ಚೆಲ್ಲಮುತ್ತು ಅವರ ಭುಜ ನನ್ನ ಕೈಯಲ್ಲಿತ್ತು. ಅದು ಕಲ್ಲಿನ ಹಾಗೆ ಬಿಗಿಯಾಯಿತು. ನಾನು ಕೈ ಬಿಟ್ಟು ಕಾದೆ. “ಮಾಡಿ ಮೇಡಂ, ನಿಲ್ಲಿಸಬೇಡಿ” ಎಂದರು.

ಅವತ್ತು ಅವರು ಲೈನ್ ಮನೆಯಿಂದ ನೇರ ಕಾರ್ಖಾನೆಗೆ ಬಂದು, ಅಲ್ಯೂಮಿನಿಯಂ ಏಣಿಯ ಕೆಲಸ ನಿಲ್ಲಿಸಿ ಎಂದರು. ಧರ್ಮಪಾಲ ದಂಗಾದರು.

“ಅಣ್ಣ, ಸೀಸನ್ ನಡೀತಾ ಉಂಟು. ಇನ್ನೂರು ಏಣಿಗೆ ಆರ್ಡರ್ ಉಂಟು. ನಾವು ನಿಲ್ಸಿದ್ರೆ ಜನ ತಗೊಳ್ಳೋದು ನಿಲ್ಸ್ತಾರಾ? ಬೇರೆ ಕಡೆಯಿಂದ ತರ್ತಾರೆ, ಅಷ್ಟೆ.”

“ತರಲಿ ಧರ್ಮಪಾಲ. ಬೇರೆಯವರ ಏಣಿಗೆ ನಾನು ಜವಾಬ್ದಾರಿ ಇಲ್ಲ. ನನ್ನದಕ್ಕೆ ನಾನೇ. ನಾವು ಮಾರಿದ್ದು ಎಷ್ಟು ಇದೆಯೋ ಅಷ್ಟನ್ನೂ ವಾಪಸ್ ತರಬೇಕು.”

“ವಾಪಸ್ ತಂದು ಬದಲಿಗೆ ಎಂತ ಕೊಡೋದು?”

ಚೆಲ್ಲಮುತ್ತು ಅವತ್ತೇ ಕರೆಂಟು ಹರಿಯದ ಸಾಮಾನು ಹುಡುಕತೊಡಗಿದರು. ಒಂದು ವಾರದೊಳಗೆ ಹೊಸೂರಿನಿಂದ ಫೈಬರ್ ಕೊಳವೆಗಳು ಬಂದವು. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅವನ್ನು ಜೋಡಿಸಿ ಏಣಿ ಮಾಡಿದರೆ ಮೊದಲನೆಯದು ಬಳುಕಿತು. ಎರಡನೆಯದು ಮೆಟ್ಟಿಲ ಬಳಿ ಸೀಳಿತು. ಚೆಲ್ಲಮುತ್ತು ತಾವೇ ಹತ್ತಿ ಪರೀಕ್ಷಿಸುತ್ತಿದ್ದರು. ಕೆಳಗೆ ಪಾವಾಯಿ ತಮಿಳಿನಲ್ಲಿ ಬೈಯುತ್ತ ಏಣಿ ಹಿಡಿದುಕೊಳ್ಳುತ್ತಿದ್ದರು. ಹದಿನಾಲ್ಕನೆಯ ಏಣಿ ಗಟ್ಟಿಯಾಗಿ ನಿಂತಿತು. ಆದರೆ ಅಲ್ಯೂಮಿನಿಯಂ ಏಣಿಗಿಂತ ಒಂದೂವರೆ ಪಟ್ಟು ಭಾರ. ಕೊಯ್ಲಿನವರನ್ನು ಕರೆಸಿ ತೋರಿಸಿದರೆ, ಒಬ್ಬನಿಗೆ ಎತ್ತಲಿಕ್ಕೆ ಆಗುವುದಿಲ್ಲ, ಯಾರೂ ಮುಟ್ಟುವುದಿಲ್ಲ ಎಂದರು.

ಹೊನ್ನಮ್ಮ ಆಗ ಅದೇ ಶೆಡ್ಡಿನಲ್ಲಿ ಮೆಟ್ಟಿಲುಗಳಿಗೆ ರಬ್ಬರ್ ತೊಡಿಸುವ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಚೆಲ್ಲಮುತ್ತು, ಧರ್ಮಪಾಲ ಇಬ್ಬರೂ ಏಣಿಯ ತೂಕ ಇಳಿಸುವುದು ಹೇಗೆಂದು ತಲೆ ಕೆಡಿಸಿಕೊಂಡು ನಿಂತಿದ್ದಾಗ ಕೂತಲ್ಲಿಂದಲೇ ಹೇಳಿದಳು.

“ಭಾರ ಇದ್ರೆ ಇರ್ಲಿ ಬುಡಿ. ಒಬ್ನೇ ಹೊತ್ರೆ ನೆಟ್ಟಗೆ ಹಿಡ್ಕೊಂಡೇ ಹೋಯ್ತಾನೆ. ಇಬ್ರು ಹೊತ್ರೆ ಮಲಗಿಸ್ಕೊಂಡು ಹೋಗ್ಬೇಕಲ್ಲ. ಮಲಗಿಸಿದ್ದು ತಂತಿಗೆ ಯಾಕೆ ತಗಲ್ತದೆ?”

ಧರ್ಮಪಾಲರು ಈಗಲೂ ಆ ಜಾಗ ತೋರಿಸುತ್ತಾರೆ. “ಇಲ್ಲೇ ನಿಂತಿದ್ದೆವು ಮೇಡಂ. ನಾನು ಡಿಗ್ರಿ ಓದಿದವ, ಅಣ್ಣ ಮೂವತ್ತು ವರ್ಷ ಕಬ್ಬಿಣ ಬಗ್ಗಿಸಿದವ. ಇಬ್ಬರಿಗೂ ಅದು ಹೊಳೀಲೇ ಇಲ್ಲ.”

ಏಣಿಯ ಎರಡು ತುದಿಗೂ ಹಿಡಿಕೆ ಬಂತು. ಇಬ್ಬರು ಹೊರುವ ಏಣಿ ಎಂದೇ ಅದು ಹೊರಬಂತು. ನೀಲಿ ಪಟ್ಟಿಯ ಹಳೆಯ ಏಣಿ ತಂದುಕೊಟ್ಟವರಿಗೆ ಹೊಸದು ಪುಕ್ಕಟೆ. ಆದರೂ ಮೊದಲ ವರ್ಷ ಬಂದವರು ಕಡಿಮೆ. ಏಣಿ ಸಾಗಿಸಲು ಒಂದಾಳು ಹೆಚ್ಚಿಗೆ ಬೇಕು ಎಂಬುದೇ ತೋಟದವರ ತಕರಾರು. ಧರ್ಮಪಾಲ ಹೇಳಿದ ಹಾಗೆ ಗಿರಾಕಿಗಳು ಬೇರೆ ಕಡೆ ಹೋದರು. ಕಾರ್ಖಾನೆಯ ಒಂದು ಶೆಡ್ಡು ಬಾಗಿಲು ಹಾಕಿತು. ಯಾರನ್ನೂ ಕೆಲಸದಿಂದ ತೆಗೆಯಬಾರದೆಂದು ಮತ್ತೆ ಪಲ್ಪರು, ಕಣದ ತಳ್ಳುಗಾಡಿ, ಗೇಟು, ಸಿಕ್ಕಿದ್ದನ್ನೆಲ್ಲ ಮಾಡಿದರು.

ಈ ಹೊತ್ತಿನಲ್ಲಿ ಬೆಳ್ಯಪ್ಪನವರು ಮತ್ತೆ ಜೊತೆಗೆ ನಿಂತರು. ಎಪ್ಪತ್ತು ದಾಟಿದ್ದವರು ತಮ್ಮ ತೋಟದ ಹದಿನೆಂಟು ಏಣಿಗಳನ್ನೂ ತಾವೇ ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಬಂದರು. “ಬರೀ ಏಣಿ ಬದಲಾಯ್ಸಿದ್ರೆ ಸಾಲ್ದು ಮಾರಾಯ. ತಂತಿ ಅಡಿಯ ಮರಕ್ಕೆ ಹತ್ತೋದೇ ನಿಲ್ಬೇಕು. ಅದ್ಯಾವ ಮರ ಅಂತ ಕೊಯ್ಯೋನಿಗೆ ಹೇಗೆ ಗೊತ್ತಾಗ್ತದೆ? ಅವ ಬಳ್ಳಿ ನೋಡ್ತಾನೋ, ಆಕಾಶ ನೋಡ್ತಾನೋ?”

ಅಲ್ಲಿಂದ ಕೆಂಪು ಬಣ್ಣದ ಕೆಲಸ ಶುರುವಾಯಿತು. ಮೆಣಸಿನ ಕೊಯ್ಲಿಗೆ ಒಂದು ತಿಂಗಳು ಮೊದಲು ಹೊನ್ನಮ್ಮ ಕೆಂಪು ಪೈಂಟಿನ ಡಬ್ಬಿ ಹಿಡಿದು ತೋಟಗಳಿಗೆ ಹೊರಡುತ್ತಾಳೆ. ತಂತಿ ಹಾದುಹೋಗುವ ದಾರಿಯ ಅಡಿಗೆ, ಅಕ್ಕಪಕ್ಕಕ್ಕೆ ಬರುವ ಪ್ರತಿ ಮರಕ್ಕೂ ಎದೆಯೆತ್ತರದಲ್ಲಿ ಅಗಲವಾದ ಪಟ್ಟಿ ಬಳಿಯುತ್ತಾಳೆ. ಆಮೇಲೆ ಲೈನ್ ಮನೆಗಳ ಮುಂದೆ ಎಲ್ಲರನ್ನೂ ಕೂರಿಸಿ ಬಾಯಲ್ಲೇ ಹೇಳುತ್ತಾಳೆ: ಕೆಂಪು ಇದ್ದರೆ ಹತ್ತಬೇಡಿ, ಏಣಿ ಮಲಗಿಸಿ ಹೊರಿ. ಎರಡೇ ಮಾತು. ತನ್ನ ಗಂಡನ ವಿಷಯ ಎತ್ತುವುದಿಲ್ಲ. ಗೊತ್ತಿದ್ದವರು ಕೇಳಿದರೆ, “ಅದು ನನ್ ಮನೆ ವಿಷ್ಯ” ಎಂದುಬಿಡುತ್ತಾಳೆ. ತಮಿಳಿನವರಿಗೆ ಹೇಳಲು ಪಾವಾಯಿ ಜೊತೆಗಿರುತ್ತಾರೆ. ಮಲಯಾಳದವರಿಗೆ, ಅಸ್ಸಾಮಿನಿಂದ ಬಂದವರಿಗೆ ಅವರ ಪೈಕಿಯೇ ಒಬ್ಬರು ಸಿಗುತ್ತಾರೆ.

ಎರಡನೆಯ ವರ್ಷ ಒಬ್ಬ ಪ್ಲಾಂಟರು ಅವಳನ್ನು ತೋಟದಲ್ಲೇ ತಡೆದರು. “ನನ್ನ ಮರಕ್ಕೆ ಬಣ್ಣ ಬಳಿಯೋದಕ್ಕೆ ನೀನು ಯಾರು?”

“ಮರ ನಿಮ್ದೇ ಸಾವ್ಕಾರ್ರೆ” ಎಂದಳು ಹೊನ್ನಮ್ಮ. “ಹತ್ತೋರು ನಮ್ಮೋರು.” ಬ್ರಷ್ಷು ಕೆಳಗಿಡಲಿಲ್ಲ.

ಸುದ್ದಿ ಬೆಳ್ಯಪ್ಪನವರಿಗೆ ಮುಟ್ಟಿತು. ಅವರು ಫೋನು ಮಾಡಿ ಆ ಪ್ಲಾಂಟರಿಗೆ, “ಬಣ್ಣ ಬೇಡದಿದ್ರೆ ಬೇಡ. ಆ ಮರಗಳ ಮೆಣಸು ನೀನೇ ಹತ್ತಿ ಕುಯ್ಯಿ, ನಾವೆಲ್ಲ ನೋಡ್ಲಿಕ್ಕೆ ಬರ್ತೇವೆ” ಎಂದರಂತೆ. ಮರುದಿನ ಆ ತೋಟದ ಲೆಕ್ಕ ಬರೆಯುವ ರೈಟರೇ ಬಂದು ಹೊನ್ನಮ್ಮನನ್ನು ಕರೆದುಕೊಂಡು ಹೋದ. ಮೂರನೆಯ ಸೀಸನ್ನಿಗೆ ತೋಟದವರೇ ಕಾರ್ಖಾನೆಗೆ ಫೋನು ಮಾಡಿ, ನಮ್ಮಲ್ಲಿಗೆ ಯಾವತ್ತು ಬರುತ್ತೀರಿ ಎಂದು ಕೇಳತೊಡಗಿದರು. ತಂತಿಯ ಅಡಿಯ ಮರಗಳನ್ನು ಕರೆಂಟು ತೆಗೆಸಿ, ತಲೆ ಕತ್ತರಿಸಿ ಗಿಡ್ಡ ಮಾಡಿದವರೂ ಇದ್ದಾರೆ. ಅಲ್ಲಿ ಈಗ ನೆಲದಲ್ಲಿ ನಿಂತೇ ಮೆಣಸು ಕೊಯ್ಯುತ್ತಾರೆ.

ಹೀಗೆ ಲೈನ್ ಮನೆಗಳನ್ನು ಸುತ್ತುವಾಗಲೇ ಹೊನ್ನಮ್ಮನ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಹತ್ತು ಮನೆಯಲ್ಲಿ ಒಂದು ಮನೆಯ ಒಳಗೆ ಯಾರಾದರೊಬ್ಬರು ಮಲಗಿರುತ್ತಿದ್ದರು. ಎಂದೋ ಬಿದಿರಿನ ಏಣಿಯಿಂದ ಬಿದ್ದವರು, ಮೂಳೆ ಕೂಡಿದರೂ ನಡೆಯಲು ಯಾರೂ ಕಲಿಸದೆ ಹಾಸಿಗೆ ಹಿಡಿದವರು. ತಿತಿಮತಿಯ ಹತ್ತಿರ ಕಾಡಂಚಿನ ಒಂದು ತೋಟದಲ್ಲಿ ಲಿಂಗಿ ಎಂಬ ಹೆಂಗಸು ಆರು ವರ್ಷದಿಂದ ಹಾಗೇ ಇದ್ದಳು.

“ಸತ್ತೋರ ಹೆಸ್ರು ಪೇಪರ್ನಲ್ಲಿ ಬತ್ತದೆ ಅಣ್ಣ. ಬಿದ್ದೋರ್ದು ಎಲ್ಲೂ ಬರಕ್ಕಿಲ್ಲ” ಎಂದು ಹೊನ್ನಮ್ಮ ಬಂದು ಹೇಳಿದಳು.

ಅವತ್ತು ಊಟದ ಹೊತ್ತಿಗೆ ಚೆಲ್ಲಮುತ್ತು ಇದನ್ನು ಮನೆಯಲ್ಲಿ ಪ್ರಸ್ತಾಪಿಸಿದರು. ಧಾರಾಪುರದ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿತ್ತು. ಅದನ್ನು ಮಾರುವ ಮಾತು ತೆಗೆದವರು ಪಾವಾಯಿ.

“ಅಲ್ಲಿ ಆ ಮನೆ ಯಾತಕ್ಕೆ? ಬಸ್ ಇಳಿದರೆ ನಮ್ಮನ್ನು ಗುರುತು ಹಿಡಿಯೋರು ಒಬ್ಬರಿಲ್ಲ. ಇಲ್ಲಿ ನನ್ನ ಕೊಡೆ ನೋಡಿದರೆ ಸಾಕು, ಪಾವಾಯಿ ಬಂದಳು ಅಂತಾರೆ. ಮಾರಿಬಿಡಿ.”

ಮಾರಿದರು. ಆ ದುಡ್ಡಿನಲ್ಲಿ, ಬಾಗಿಲು ಹಾಕಿದ್ದ ಶೆಡ್ಡಿನ ಜಾಗದಲ್ಲಿ, ಈಗ ನಾನು ಕೆಲಸ ಮಾಡುವ ಕಟ್ಟಡ ಎದ್ದಿತು. ೨೦೨೧ರಲ್ಲಿ ನಾನು ಸಂದರ್ಶನಕ್ಕೆ ಹೋದಾಗ ಚೆಲ್ಲಮುತ್ತು ನನ್ನ ಸರ್ಟಿಫಿಕೇಟು ನೋಡಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಲಿಂಗಿಯನ್ನು ತೋರಿಸಿದರು.

“ಇವರು ನಡೀತಾರಾ, ಮೇಡಂ?”

ನಾನು ಕಾಲುಗಳನ್ನು ಮುಟ್ಟಿ, ಮಡಚಿ, ಅರ್ಧ ಗಂಟೆ ಪರೀಕ್ಷಿಸಿದೆ. “ಓಡೋದಿಲ್ಲ. ನಡೀತಾರೆ. ಎಂಟು ತಿಂಗಳು ಬೇಕು” ಎಂದೆ.

“ನಾಳೆಯಿಂದ ಬನ್ನಿ” ಎಂದರು.

ನನ್ನ ಲೆಕ್ಕ ತಪ್ಪಿತು, ಹನ್ನೊಂದು ತಿಂಗಳು ಬೇಕಾಯಿತು. ಲಿಂಗಿ ಕೈಯಾಸರೆಯ ಚೌಕಟ್ಟು ಹಿಡಿದು ಮೊದಲ ಸಲ ಅಂಗಳ ದಾಟಿದ ದಿನ, ನಿಲ್ಲಿ ಎಂದರೂ ನಿಲ್ಲದೆ ರಸ್ತೆಯ ತನಕ ಹೋಗಿ, ಅಲ್ಲಿದ್ದ ಅಂಗಡಿಯಲ್ಲಿ ಎಲೆ ಅಡಿಕೆ ಕೊಂಡುಕೊಂಡು ವಾಪಸು ಬಂದಳು. ಆ ಚೌಕಟ್ಟನ್ನು ಮಾಡಿದ್ದು ಇದೇ ಕಾರ್ಖಾನೆಯಲ್ಲಿ. ವಾಪಸು ಬಂದ ಅಲ್ಯೂಮಿನಿಯಂ ಏಣಿಗಳನ್ನು ಗುಜರಿಗೆ ಹಾಕದೆ, ಕತ್ತರಿಸಿ ಊರುಗೋಲು, ಚೌಕಟ್ಟು ಮಾಡುತ್ತಾರೆ. ಆರಂಭದಲ್ಲಿ ಚೌಕಟ್ಟಿನ ಎತ್ತರ ಎಲ್ಲರಿಗೂ ಒಂದೇ ಇತ್ತು. ನಾನು ಜಗಳವಾಡಿ ಅದನ್ನು ಬದಲು ಮಾಡಿಸಿದೆ. ಈಗ ಒಬ್ಬೊಬ್ಬರ ಅಳತೆ ನಾನು ಬರೆದುಕೊಡುತ್ತೇನೆ, ಅವರು ಅದೇ ದಿನ ಮಾಡಿ ಕಳಿಸುತ್ತಾರೆ.

ಮೂರು ವರ್ಷದ ಹಿಂದೆ ಚೆಲ್ಲಮುತ್ತು ಈ ಚಿಕಿತ್ಸಾ ಕೇಂದ್ರ ನಡೆಸಲೆಂದು ಒಂದು ಟ್ರಸ್ಟು ಮಾಡಿ, ಕಾರ್ಖಾನೆಯನ್ನೇ ಅದಕ್ಕೆ ಬರೆದುಕೊಟ್ಟರು. ಈಗ ಅವರೂ ಅಲ್ಲಿ ಸಂಬಳದ ನೌಕರ. ಒಬ್ಬಳೇ ಮಗಳು ಈರೋಡಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಸಹಿ ಹಾಕುವ ಮುಂಚೆ ಅವಳನ್ನು ಫೋನಿನಲ್ಲಿ ಕೇಳಿದರಂತೆ. “ಅಪ್ಪಾ, ಸಣ್ಣವಳಿದ್ದಾಗಿಂದ ವೆಲ್ಡಿಂಗ್ ಸದ್ದು ಕೇಳಿ ಸಾಕಾಗಿದೆ. ಯಾರಿಗಾದರೂ ಕೊಡಿ” ಎಂದು ನಕ್ಕಳಂತೆ. ಫೈಬರ್ ಏಣಿಗೆ ಈಗ ಬೇಡಿಕೆ ಚೆನ್ನಾಗಿದೆ. ಮುಚ್ಚಿದ ಶೆಡ್ಡಿಗೆ ಬದಲಾಗಿ ಇನ್ನೊಂದು ಎದ್ದಿದೆ, ಎಪ್ಪತ್ತು ಜನ ಕೆಲಸಕ್ಕಿದ್ದಾರೆ. ಹೊನ್ನಮ್ಮ ಹೋಗುವ ತೋಟಗಳಲ್ಲಿ ಆರು ಸೀಸನ್ನಿನಿಂದ ತಂತಿಗೆ ತಾಗಿ ಯಾರೂ ಸತ್ತಿಲ್ಲ. ಬೀಳುವವರು ಇನ್ನೂ ಬೀಳುತ್ತಾರೆ. ಅವರು ನನ್ನ ಬಳಿ ಬರುತ್ತಾರೆ, ಬಹುಪಾಲು ಜನ ನಡೆದುಕೊಂಡು ಹೋಗುತ್ತಾರೆ.

ಚೆಲ್ಲಮುತ್ತು ಅವರ ಭುಜವೂ ಸರಿಯಾಯಿತು. ಕೊನೆಯ ದಿನ ಕೈಯನ್ನು ತಲೆಯ ಮೇಲೆತ್ತಿ ತೋರಿಸಿ, ಒಂದು ಸುದ್ದಿ ಹೇಳಿದರು. ಉತ್ತರ ಕೊಡಗಿನ ಕೊಡ್ಲಿಪೇಟೆಯ ಬೆಳೆಗಾರರು ಅಲ್ಲಿಯೂ ಇಂಥದೊಂದು ಚಿಕಿತ್ಸಾ ಕೇಂದ್ರ ಮಾಡಿ ಎಂದು ಜಾಗ ಕೊಟ್ಟಿದ್ದಾರೆ. ಯುಗಾದಿ ಕಳೆದು ಅಲ್ಲಿ ಕೆಲಸ ಶುರು. ನೋಡಿಕೊಳ್ಳುವವಳು ಹೊನ್ನಮ್ಮ. ಒಪ್ಪಿಕೊಳ್ಳುವ ಮುಂಚೆ ಅವಳು ಎರಡು ಕರಾರು ಹಾಕಿದ್ದಾಳೆ. ಮಗಳ ಕಾಲೇಜಿಗೆ ಹತ್ತಿರ ಆಗುವ ಒಂದು ಮನೆ ಬೇಕು. ಮತ್ತೆ, ಅಣ್ಣ ವಾರಕ್ಕೊಮ್ಮೆ ಬಂದು ಅದು ಹಾಗಲ್ಲ, ಇದು ಹೀಗಲ್ಲ ಅನ್ನಕೂಡದು.

“ನೋಡಿ ಮೇಡಂ, ನನ್ನನ್ನೇ ಬರಬೇಡ ಅಂತಾಳೆ” ಎಂದು ಜೋರಾಗಿ ನಕ್ಕರು.

“ನೀವೇನು ಹೇಳಿದಿರಿ?”

“ತಿಂಗಳಿಗೆ ಒಂದು ಸಲ ಅಂದೆ. ಸ್ವಲ್ಪ ಯೋಚನೆ ಮಾಡಿ ಆಯ್ತು ಅಂದಳು.”